ಕೇಳುವ ವಿದ್ಯೆಗೂ ಗುರು ಬೇಕು

(ಮನಶ್ಶಾಸ್ತ್ರ ಹಾಗೂ ಸಮಾಜಕಾರ್ಯ ವಿಷಯಗಳ ವಿದ್ಯಾರ್ಥಿಗಳ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ಬುದ್ಧಿ ಹೇಳುವವರಿಗೆ ನಮ್ಮ ನಾಡಿನಲ್ಲಿ ಎಂದೂ ಬರಗಾಲ ಬಂದಿಲ್ಲ. ಮನೆಯಲ್ಲಿ ಒಬ್ಬ ಕುಡಿತಕ್ಕೆ ಬಿದ್ದನೆಂದರೆ ಸೋದರಮಾವ ಬುದ್ಧಿ ಹೇಳುತ್ತಾನೆ. ಊರ ಹಿರಿಯರು ಅರಳಿಕಟ್ಟೆಯ ಮೇಲೆ ಕೂರಿಸಿಕೊಂಡು ಬುದ್ಧಿ ಹೇಳುತ್ತಾರೆ. ದೇವರ ಮುಂದೆ ಆಣೆ ಮಾಡಿಸುತ್ತಾರೆ. ಕೊನೆಗೆ ಪೊಲೀಸ್ ಠಾಣೆಯ ದಫೇದಾರನೂ ನಾಲ್ಕು ಮಾತು ಹೇಳಿ ಕಳುಹಿಸುತ್ತಾನೆ. ಮನಸ್ಸು ಕುಗ್ಗಿ ಮೂಲೆ ಹಿಡಿದ ಹುಡುಗಿಗೂ ಇದೇ ಉಪಚಾರ: ‘ಧೈರ್ಯ ತಂದುಕೋ, ಕಷ್ಟ ಯಾರಿಗಿಲ್ಲ ಹೇಳು.’ ಇಷ್ಟೆಲ್ಲ ಬುದ್ಧಿಮಾತು ಪುಕ್ಕಟೆಯಾಗಿ ಸಿಗುತ್ತಿರುವಾಗ ಆಪ್ತಸಲಹೆ ಎಂಬುದನ್ನು ಕಾಲೇಜಿಗೆ ಹೋಗಿ ಕಲಿಯುವ ಅಗತ್ಯವಾದರೂ ಏನು? ಎಂ.ಎ. ಅಥವಾ ಎಂ.ಎಸ್.ಡಬ್ಲ್ಯು. ಮುಗಿದ ಮೇಲೂ ಆಸ್ಪತ್ರೆಯ ವಾರ್ಡಿನಲ್ಲಿ ಎರಡು ವರ್ಷ ಸವೆಸಬೇಕೆನ್ನುವುದು ಯಾವ ನ್ಯಾಯ?

ಈ ಪ್ರಶ್ನೆಯನ್ನು ಕೇಳುವವರು ಹೊರಗಿನವರು ಮಾತ್ರವಲ್ಲ. ಈ ಕ್ಷೇತ್ರಕ್ಕೆ ಬರಬೇಕೆಂದಿರುವ ವಿದ್ಯಾರ್ಥಿಗಳ ಮನೆಯವರೂ ಕೇಳುತ್ತಾರೆ. ವ್ಯಸನ ಮತ್ತು ಮಾನಸಿಕ ಕಾಯಿಲೆಗಳ ಆಪ್ತಸಲಹೆ ಒಂದು ವೃತ್ತಿಯಾಗಿ ಹೇಗೆ ಬೆಳೆಯಿತು, ಅದರ ತರಬೇತಿಯಲ್ಲಿ ನಿಜವಾಗಿ ಕಲಿಸುವುದೇನು ಎಂಬುದನ್ನು ನೋಡಿದರೆ ಉತ್ತರ ತಾನಾಗಿಯೇ ದೊರೆಯುತ್ತದೆ.

ಕಾವಲಿನಿಂದ ಕಲಿಕೆಗೆ

ಬೆಂಗಳೂರಿನಲ್ಲಿ ಮನೋರೋಗಿಗಳಿಗಾಗಿ ಆಶ್ರಯ ತೆರೆದದ್ದು 1847ರಲ್ಲಿ. ಜನ ಅದನ್ನು ಕರೆದದ್ದು ಹುಚ್ಚಾಸ್ಪತ್ರೆ ಎಂದೇ. ಆ ಕಾಲದ ಇಂಥ ಸಂಸ್ಥೆಗಳಲ್ಲಿ ಕಾವಲೇ ಮುಖ್ಯ ಕೆಲಸ. ರೋಗಿ ತನಗಾಗಲಿ ಇತರರಿಗಾಗಲಿ ಅಪಾಯ ಮಾಡದಂತೆ ನೋಡಿಕೊಂಡರೆ ಸಾಕಿತ್ತು. ಅವನ ಮಾತನ್ನು ಕೇಳುವುದು ಚಿಕಿತ್ಸೆಯ ಭಾಗವೆಂದು ಯಾರೂ ಎಣಿಸಿರಲಿಲ್ಲ. 1925ರಲ್ಲಿ ಅದು ಮೈಸೂರು ಸರ್ಕಾರದ ಮಾನಸಿಕ ಆಸ್ಪತ್ರೆ ಎಂಬ ಹೆಸರು ಪಡೆಯಿತು. 1930ರ ದಶಕದಲ್ಲಿ ಇಂದಿನ ನಿಮ್ಹಾನ್ಸ್ ಇರುವ ವಿಶಾಲವಾದ ಜಾಗಕ್ಕೆ ಬಂತು. ಹೆಸರಿನ ಬದಲಾವಣೆ ಸಣ್ಣದೆಂದು ತೋರಬಹುದು. ಆದರೆ ‘ಆಸ್ಪತ್ರೆ’ ಎಂದ ಮೇಲೆ ಅಲ್ಲಿ ಗುಣವಾಗುವ ಆಸೆ ಇರಲೇಬೇಕು, ಗುಣಪಡಿಸುವವರನ್ನು ತಯಾರು ಮಾಡಲೇಬೇಕು.

ಇದೇ ಹೊತ್ತಿಗೆ ಮೈಸೂರಿನಲ್ಲಿ ಇನ್ನೊಂದು ಧಾರೆ ಹರಿಯತೊಡಗಿತ್ತು. 1924ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರ ವಿಭಾಗ ಆರಂಭವಾಯಿತು. ಕಲ್ಕತ್ತೆಯ ವಿಭಾಗ ಹುಟ್ಟಿ ಇನ್ನೂ ಹತ್ತು ವರ್ಷ ಆಗಿರಲಿಲ್ಲ. ಮೈಸೂರಿನ ವಿಭಾಗವನ್ನು ಕಟ್ಟಿದವರು ಡಾ. ಎಂ.ವಿ. ಗೋಪಾಲಸ್ವಾಮಿ. 1935ರಲ್ಲಿ ತಮ್ಮ ಮನೆಯಿಂದಲೇ ರೇಡಿಯೋ ಪ್ರಸಾರ ಆರಂಭಿಸಿ ‘ಆಕಾಶವಾಣಿ’ಯೊಡನೆ ಹೆಸರು ಬೆಸೆದುಕೊಂಡವರೂ ಅವರೇ. ಒಂದು ಕಡೆ ರೋಗಿಗಳಿರುವ ಆಸ್ಪತ್ರೆ, ಇನ್ನೊಂದು ಕಡೆ ಮನಸ್ಸನ್ನು ಪಾಠವಾಗಿ ಓದುವ ವಿಭಾಗ. ಇವೆರಡೂ ಒಂದೇ ಅಂಗಳದಲ್ಲಿ ಸೇರಲು ಮುಂದೆ ಮೂವತ್ತು ವರ್ಷ ಬೇಕಾಯಿತು.

ಸ್ವಾತಂತ್ರ್ಯದ ಮುನ್ನಾದಿನಗಳಲ್ಲಿ, 1946ರಲ್ಲಿ, ಸರ್ ಜೋಸೆಫ್ ಭೋರ್ ಅಧ್ಯಕ್ಷತೆಯ ಸಮಿತಿ ದೇಶದ ಆರೋಗ್ಯ ವ್ಯವಸ್ಥೆಯ ಬಗ್ಗೆ ವರದಿ ಕೊಟ್ಟಿತು. ಮಾನಸಿಕ ಆರೋಗ್ಯಕ್ಕೆ ತರಬೇತಾದ ಜನವೇ ಇಲ್ಲವೆಂಬ ಕೊರಗು ಅದರಲ್ಲಿತ್ತು. ಅದರ ಫಲವಾಗಿ 1954ರ ಡಿಸೆಂಬರಿನಲ್ಲಿ ಬೆಂಗಳೂರಿನ ಆಸ್ಪತ್ರೆಗೆ ಹೊಂದಿಕೊಂಡಂತೆ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪನೆಯಾಯಿತು. ಮೊದಲ ನಿರ್ದೇಶಕರು ಡಾ. ಎಂ.ವಿ. ಗೋವಿಂದಸ್ವಾಮಿ. 1955ರ ಜನವರಿಯಲ್ಲಿ ಪಾಠಗಳು ಶುರುವಾದವು. ವೈದ್ಯರಿಗೆ ಒಂದು ಡಿಪ್ಲೊಮಾ, ಮನಶ್ಶಾಸ್ತ್ರದ ಸ್ನಾತಕೋತ್ತರ ಪದವೀಧರರಿಗೆ ಇನ್ನೊಂದು ಡಿಪ್ಲೊಮಾ. ಎಂ.ಎ. ಮಾಡಿ ಬಂದವರೂ ವಾರ್ಡಿನಲ್ಲಿ ರೋಗಿಯ ಎದುರು ಕುಳಿತು ಹೊಸದಾಗಿ ಕಲಿಯಬೇಕು ಎಂಬ ನಿಯಮ ಆಗಲೇ ಹುಟ್ಟಿತು. ಆ ಸಂಸ್ಥೆ ಮತ್ತು ಆಸ್ಪತ್ರೆ 1974ರಲ್ಲಿ ಒಂದಾಗಿ ನಿಮ್ಹಾನ್ಸ್ ಆಯಿತು. ಇಂದು ಚಿಕಿತ್ಸಾ ಮನಶ್ಶಾಸ್ತ್ರಜ್ಞರೆಂದು ಕರೆಸಿಕೊಳ್ಳುವವರ ವಂಶವೃಕ್ಷದ ಬೇರು ಅಲ್ಲಿದೆ.

ರೋಗಿಯ ಹಿಂದಿರುವ ಮನೆ

ಮನಶ್ಶಾಸ್ತ್ರಜ್ಞ ರೋಗಿಯ ಮನಸ್ಸನ್ನು ನೋಡಿದ. ಆದರೆ ರೋಗಿಗೆ ಒಂದು ಮನೆ ಇದೆ. ಬಾಡಿಗೆ ಕಟ್ಟಬೇಕು, ಮಕ್ಕಳ ಶಾಲೆಯ ಫೀಜು ಕಟ್ಟಬೇಕು, ಹೆಂಡತಿಯ ಮಾಂಗಲ್ಯ ಗಿರವಿ ಅಂಗಡಿಯಲ್ಲಿರುತ್ತದೆ. ಇದನ್ನು ನೋಡುವವರು ಯಾರು? ಈ ಕೆಲಸ ಸಮಾಜಕಾರ್ಯದ ಪಾಲಿಗೆ ಬಂತು. ಮುಂಬಯಿಯಲ್ಲಿ 1936ರಲ್ಲಿ ಆರಂಭವಾದ ಸರ್ ದೊರಾಬ್ಜಿ ಟಾಟಾ ಶಾಲೆ ದೇಶದಲ್ಲಿ ಸಮಾಜಕಾರ್ಯದ ಶಿಕ್ಷಣಕ್ಕೆ ನಾಂದಿ ಹಾಡಿತ್ತು. ಅಲ್ಲಿಯೇ 1940ರ ದಶಕದ ಕೊನೆಯಲ್ಲಿ ಡಾ. ಗೌರಿ ರಾಣಿ ಬ್ಯಾನರ್ಜಿ ವೈದ್ಯಕೀಯ ಮತ್ತು ಮನೋವೈದ್ಯಕೀಯ ಸಮಾಜಕಾರ್ಯದ ಪಾಠಕ್ರಮವನ್ನು ರೂಪಿಸಿದರು. ಬೆಂಗಳೂರಿನ ಸಂಸ್ಥೆಯಲ್ಲಿ ಈ ವಿಷಯದ ಡಿಪ್ಲೊಮಾ ಬಂದದ್ದು 1968ರಲ್ಲಿ. ಮುಂದೆ ಅದು ಎಂ.ಫಿಲ್. ಆಯಿತು.

ಈ ಬೆಳವಣಿಗೆಗೆ ಪೂರಕವಾಗಿ ಭಾರತದ್ದೇ ಆದ ಒಂದು ಪ್ರಯೋಗ ಅದಾಗಲೇ ನಡೆದಿತ್ತು. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಎಂಬ ವೈದ್ಯರು ರೋಗಿಗಳ ಮನೆಯವರನ್ನು ಗೇಟಿನ ಹೊರಗೆ ನಿಲ್ಲಿಸದೆ ಒಳಗೆ ಕರೆದರು. ಆಸ್ಪತ್ರೆಯ ಬಯಲಿನಲ್ಲಿ ಗುಡಾರ ಹಾಕಿ ರೋಗಿಯ ಜೊತೆಯಲ್ಲೇ ಇರಲು ಬಿಟ್ಟರು. ಪಾಶ್ಚಾತ್ಯ ದೇಶಗಳಲ್ಲಿ ರೋಗಿ ಒಬ್ಬಂಟಿಯಾಗಿ ಬರುವುದು ರೂಢಿ. ನಮ್ಮಲ್ಲಿ ರೋಗಿಯ ಜೊತೆ ಬುತ್ತಿಗಂಟು ಹಿಡಿದ ತಾಯಿಯೋ ಹೆಂಡತಿಯೋ ಅಣ್ಣನೋ ಇರುತ್ತಾರೆ. ಆದ್ದರಿಂದ ಇಲ್ಲಿನ ಆಪ್ತಸಲಹೆಗಾರ ಒಬ್ಬನ ಮಾತನ್ನಲ್ಲ, ಒಂದು ಕುಟುಂಬದ ಮಾತನ್ನು ಕೇಳಲು ಕಲಿಯಬೇಕು. ಅದರಲ್ಲೂ ಮೂವರು ಒಟ್ಟಿಗೆ ಮಾತನಾಡುವಾಗ ಸುಮ್ಮನಿರುವ ನಾಲ್ಕನೆಯವರ ಮಾತನ್ನು ಕೇಳಲು ಕಲಿಯಬೇಕು. ಇದು ಪುಸ್ತಕದಿಂದ ಬರುವ ವಿದ್ಯೆಯಲ್ಲ.

ಕುಡಿತ ಬಿಟ್ಟವನೋ, ಪದವಿ ಪಡೆದವನೋ?

ವ್ಯಸನದ ಕತೆ ಸ್ವಲ್ಪ ಬೇರೆಯೇ ದಾರಿ ಹಿಡಿಯಿತು. ಬಹುಕಾಲ ವೈದ್ಯರೂ ಮನಶ್ಶಾಸ್ತ್ರಜ್ಞರೂ ಕುಡುಕರನ್ನು ತಮ್ಮ ಬಾಗಿಲಿಗೆ ಸೇರಿಸಲಿಲ್ಲ. ಕುಡಿತ ಕಾಯಿಲೆಯಲ್ಲ, ಕೆಟ್ಟ ಚಟ ಎಂಬುದೇ ಎಲ್ಲರ ತೀರ್ಮಾನವಾಗಿತ್ತು. ಆಗ ಕುಡುಕರು ತಾವೇ ಒಬ್ಬರಿಗೊಬ್ಬರು ಆಸರೆಯಾದರು. 1935ರಲ್ಲಿ ಅಮೆರಿಕದ ಆಕ್ರನ್ ಪಟ್ಟಣದಲ್ಲಿ ಷೇರುಪೇಟೆಯ ಒಬ್ಬ ದಲ್ಲಾಳಿ ಮತ್ತು ಒಬ್ಬ ಶಸ್ತ್ರವೈದ್ಯ ಭೇಟಿಯಾದರು. ಇಬ್ಬರೂ ಮದ್ಯವ್ಯಸನಿಗಳು. ತಮ್ಮ ಕತೆಯನ್ನು ಒಬ್ಬರಿಗೊಬ್ಬರು ಹೇಳಿಕೊಂಡೇ ಕುಡಿತದಿಂದ ದೂರ ಉಳಿಯುವ ದಾರಿ ಕಂಡುಕೊಂಡರು. ಆಲ್ಕೋಹಾಲಿಕ್ಸ್ ಅನಾನಿಮಸ್ ಎಂಬ ಸಂಘ ಹುಟ್ಟಿದ್ದು ಹೀಗೆ.

1950ರ ದಶಕದಲ್ಲಿ ಮಿನ್ನೆಸೋಟ ರಾಜ್ಯದ ವಿಲ್ಮಾರ್ ಸರ್ಕಾರಿ ಆಸ್ಪತ್ರೆಯಲ್ಲಿ ಮನೋವೈದ್ಯ ನೆಲ್ಸನ್ ಬ್ರ್ಯಾಡ್ಲಿ ಮತ್ತು ಮನಶ್ಶಾಸ್ತ್ರಜ್ಞ ಡೇನಿಯಲ್ ಆಂಡರ್ಸನ್ ಒಂದು ಹೊಸ ಹೆಜ್ಜೆ ಇಟ್ಟರು. ಕುಡಿತ ಬಿಟ್ಟವರನ್ನೇ ಸಲಹೆಗಾರರ ಹುದ್ದೆಗೆ ಸೇರಿಸಿಕೊಂಡರು. ಪದವಿ ಇಲ್ಲದವನು ವೈದ್ಯರ ಸಾಲಿನಲ್ಲಿ ಕೂರುವುದೆಂದರೇನು ಎಂಬ ಪ್ರಶ್ನೆ ಎದ್ದಿತು. ಪ್ರಶ್ನೆಗೆ ಎರಡು ಮುಖಗಳಿವೆ. ಅನುಭವಿಸಿದವನಿಗೆ ರೋಗಿಯ ಸುಳ್ಳು, ಸೋಗು, ಸಂಕಟ ಎಲ್ಲವೂ ಗೊತ್ತು. ಅವನೆದುರು ರೋಗಿ ನಾಚುವುದಿಲ್ಲ. ಆದರೆ ‘ಬಿಟ್ಟದ್ದು ಈ ದಾರಿಯಲ್ಲಿ, ಎಲ್ಲರೂ ಇದೇ ದಾರಿಯಲ್ಲಿ ಬರಬೇಕು’ ಎಂಬ ಹಟ ಅವನಲ್ಲಿ ಬೆಳೆದರೆ ಬೇರೆ ಸ್ವಭಾವದ ರೋಗಿ ಅಲ್ಲೇ ಮುಗ್ಗರಿಸುತ್ತಾನೆ. ವ್ಯಸನದ ಜೊತೆಗೆ ಖಿನ್ನತೆಯೋ ಮತಿಭ್ರಮಣೆಯೋ ಇದ್ದರೆ ಅದನ್ನು ಗುರುತಿಸುವುದು ಕೇವಲ ಅನುಭವದಿಂದ ಸಾಧ್ಯವಿಲ್ಲ.

ಅಮೆರಿಕ ಕ್ರಮೇಣ ಪದವಿಯ ಕಡೆಗೆ ವಾಲಿತು. ಆಪ್ತಸಲಹೆಗಾರರಿಗೆ ಮೊದಲು ಪರವಾನಗಿ ಕಾಯ್ದೆ ಮಾಡಿದ ರಾಜ್ಯ ವರ್ಜೀನಿಯ, 1976ರಲ್ಲಿ. ಕೊನೆಯದು ಕ್ಯಾಲಿಫೋರ್ನಿಯ, 2009ರಲ್ಲಿ. ಅಲ್ಲಿನ ಕೋರ್ಸುಗಳಿಗೆ ಮಾನ್ಯತೆ ಕೊಡುವ ಪ್ರಮುಖ ಮಂಡಳಿಯ ನಿಯಮದಂತೆ ಸ್ನಾತಕೋತ್ತರ ವಿದ್ಯಾರ್ಥಿ ಮೊದಲು 100 ಗಂಟೆಗಳ, ಬಳಿಕ 600 ಗಂಟೆಗಳ ಪ್ರಾಯೋಗಿಕ ತರಬೇತಿ ಪಡೆಯಬೇಕು. ಆ 600ರಲ್ಲಿ 240 ಗಂಟೆಯಾದರೂ ನೇರವಾಗಿ ರೋಗಿಗಳ ಸೇವೆಯಲ್ಲಿ ಕಳೆದಿರಬೇಕು. ಪದವಿಯ ನಂತರವೂ ಸ್ವತಂತ್ರ ಪರವಾನಗಿ ಸಿಗುವ ಮೊದಲು ಹಿರಿಯರ ಮೇಲ್ವಿಚಾರಣೆಯಲ್ಲಿ ಸಾವಿರಾರು ಗಂಟೆ ಕೆಲಸ ಮಾಡಬೇಕು. ಲೆಕ್ಕ ಹಾಕುವುದು ಓದಿದ ಪುಟಗಳನ್ನಲ್ಲ, ಕುಳಿತ ಗಂಟೆಗಳನ್ನು ಎಂಬುದು ಇಲ್ಲಿ ಗಮನಿಸಬೇಕಾದ ಸಂಗತಿ.

ಭಾರತದಲ್ಲಿ ಈ ಎರಡೂ ಧಾರೆಗಳು ಸೇರಿದ ಉದಾಹರಣೆಗೆ ಚೆನ್ನೈ ಕಡೆ ನೋಡಬೇಕು. ಕುಡಿತದಿಂದ ಪತಿಯನ್ನು ಕಳೆದುಕೊಂಡ ಶಾಂತಿ ರಂಗನಾಥನ್ ಅಮೆರಿಕಕ್ಕೆ ಹೋಗಿ ಈ ಚಿಕಿತ್ಸೆಯ ತರಬೇತಿ ಪಡೆದು ಬಂದರು. 1980ರಲ್ಲಿ ಪತಿಯ ಹೆಸರಿನಲ್ಲಿ ಟಿ.ಟಿ. ರಂಗನಾಥನ್ ಪ್ರತಿಷ್ಠಾನವನ್ನು ಆರಂಭಿಸಿದರು. ಈ ಸೇವೆಗಾಗಿ 1992ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಪ್ರತಿಷ್ಠಾನ ಆಸ್ಪತ್ರೆ ನಡೆಸಿದ್ದು ಮಾತ್ರವಲ್ಲ, ದೇಶದ ಬೇರೆ ಬೇರೆ ಭಾಗಗಳ ಆಪ್ತಸಲಹೆಗಾರರಿಗೆ ಪಾಠಶಾಲೆಯೂ ಆಯಿತು. 1989ರಿಂದ ತಮಿಳುನಾಡಿನ ಮಂಜಕ್ಕುಡಿ ಎಂಬ ಹಳ್ಳಿಯಲ್ಲಿ ಶಿಬಿರ ನಡೆಸಿ, ಆಸ್ಪತ್ರೆಗೆ ಬರಲಾರದವರ ಊರಿಗೇ ಚಿಕಿತ್ಸೆಯನ್ನು ಒಯ್ದಿತು. ಕರ್ನಾಟಕದ ಹಳ್ಳಿಗಳಿಗೆ ಮದ್ಯವರ್ಜನ ಶಿಬಿರಗಳು ಹೊಸದಲ್ಲ. ಶಿಬಿರ ಮುಗಿದ ಮೇಲೆ ಒಂದು ವರ್ಷ ಆ ಮನೆಯ ಬಾಗಿಲು ತಟ್ಟುವವರು ಯಾರು ಎಂಬುದರ ಮೇಲೆ ಅದರ ಫಲ ನಿಂತಿದೆ.

ಬೆರ್ಗೆನ್ನಿನ ತರಬೇತಿ ಕೋಣೆ

ಹಾಗಾದರೆ ಆ ಗಂಟೆಗಟ್ಟಲೆ ತರಬೇತಿಯಲ್ಲಿ ಕಲಿಸುವುದೇನು? ಇದಕ್ಕೆ ಒಂದು ಪ್ರಸಂಗವನ್ನು ನೋಡಬಹುದು. 1982ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಮಿಲ್ಲರ್ ನಾರ್ವೆ ದೇಶದ ಬೆರ್ಗೆನ್ ಸಮೀಪದ ವ್ಯಸನ ಚಿಕಿತ್ಸಾಲಯವೊಂದರಲ್ಲಿ ಪಾಠ ಹೇಳಲು ಹೋಗಿದ್ದರು. ಅಲ್ಲಿನ ಎಳೆಯ ಮನಶ್ಶಾಸ್ತ್ರಜ್ಞರು ರೋಗಿಯ ಪಾತ್ರ ವಹಿಸಿ ಕುಳಿತುಕೊಳ್ಳುತ್ತಿದ್ದರು. ಮಿಲ್ಲರ್ ಸಲಹೆಗಾರನ ಪಾತ್ರ ವಹಿಸುತ್ತಿದ್ದರು. ನಡುನಡುವೆ ಅವರನ್ನು ತಡೆದು ನಿಲ್ಲಿಸಿ ಶಿಷ್ಯರು ಕೇಳುತ್ತಿದ್ದರು: ಈ ಪ್ರಶ್ನೆಯನ್ನೇ ಏಕೆ ಕೇಳಿದಿರಿ? ರೋಗಿ ಹೇಳಿದ ಹಲವು ಮಾತುಗಳಲ್ಲಿ ಈ ಮಾತನ್ನೇ ಏಕೆ ಆರಿಸಿಕೊಂಡಿರಿ? ಉತ್ತರಿಸುತ್ತ ಹೋದಂತೆ, ತಾವು ಅರಿವಿಲ್ಲದೆಯೇ ಒಂದು ಕ್ರಮವನ್ನು ಪಾಲಿಸುತ್ತಿರುವುದು ಮಿಲ್ಲರ್‌ಗೆ ತಿಳಿಯಿತು. ಬದಲಾಗಬೇಕೆಂಬ ಮಾತು ಸಲಹೆಗಾರನ ಬಾಯಿಂದ ಬರಬಾರದು, ರೋಗಿಯ ಬಾಯಿಂದಲೇ ಬರಬೇಕು ಎಂಬುದೇ ಆ ಕ್ರಮ. 1983ರಲ್ಲಿ ಅದನ್ನು ಲೇಖನವಾಗಿ ಬರೆದರು. 1991ರಲ್ಲಿ ಸ್ಟೀಫನ್ ರೋಲ್ನಿಕ್ ಜೊತೆ ಪುಸ್ತಕವಾಗಿ ತಂದರು. ಇಂದು ವ್ಯಸನ ಚಿಕಿತ್ಸೆಯ ತರಬೇತಿಯಲ್ಲಿ ಈ ವಿಧಾನಕ್ಕೆ ದೊಡ್ಡ ಸ್ಥಾನವಿದೆ.

ಇದರ ಅರ್ಥ ಬಹಳ ಸರಳ. ‘ಕುಡಿಯೋದು ತಪ್ಪಲ್ಲವೇನಪ್ಪಾ?’ ಎಂದರೆ ರೋಗಿ ‘ಹೂಂ ಸಾರ್’ ಎನ್ನುತ್ತಾನೆ. ಮಾತು ಅಲ್ಲಿಗೆ ಮುಗಿಯಿತು. ‘ಬಿಡಲೇಬೇಕು’ ಎಂದು ಒತ್ತಾಯಿಸಿದರೆ ‘ಮೈಕೈ ನೋವು ಸಾರ್, ಗಾರೆ ಕೆಲಸ, ಸ್ವಲ್ಪ ಹಾಕದೇ ಇದ್ದರೆ ನಿದ್ದೆ ಬರೋಲ್ಲ’ ಎಂದು ಕುಡಿತದ ಪರವಾಗಿ ವಾದ ಹೂಡುತ್ತಾನೆ. ಎದುರಾಳಿಯನ್ನು ನಾವೇ ಸೃಷ್ಟಿಸಿದಂತಾಯಿತು. ಅದರ ಬದಲು ‘ಕುಡಿಯೋದರಿಂದ ನಿಮಗೆ ಆಗುತ್ತಿರುವ ಅನುಕೂಲ ಏನು, ಬೇಜಾರು ತಂದಿರೋದು ಏನು?’ ಎಂದು ಕೇಳಿ ಕಾದರೆ, ಸ್ವಲ್ಪ ಹೊತ್ತಿನ ಮೇಲೆ ‘ಮಗಳು ಮಾತಾಡಿಸೋದು ಬಿಟ್ಟಿದ್ದಾಳೆ’ ಎಂಬ ಮಾತು ಹೊರಬೀಳಬಹುದು. ಆ ಮಾತನ್ನು ಗುರುತಿಸಿ ಹಿಡಿದುಕೊಳ್ಳುವುದೇ ವಿದ್ಯೆ. ಕಾದು ಕುಳಿತುಕೊಳ್ಳುವುದು ಅದಕ್ಕಿಂತ ಕಷ್ಟದ ವಿದ್ಯೆ.

ಇದನ್ನು ಕಲಿಸುವ ರೀತಿಯೂ ಹೊಸದಲ್ಲ. ಕಾರ್ಲ್ ರೋಜರ್ಸ್ ಎಂಬ ಮನಶ್ಶಾಸ್ತ್ರಜ್ಞ 1940ರ ಸುಮಾರಿಗೇ ಸಂದರ್ಶನಗಳನ್ನು ಗ್ರಾಮಫೋನ್ ತಟ್ಟೆಯ ಮೇಲೆ ದಾಖಲಿಸಿ ಶಿಷ್ಯರಿಗೆ ಕೇಳಿಸುತ್ತಿದ್ದರು. 1942ರಲ್ಲಿ ಪ್ರಕಟವಾದ ಅವರ ಪುಸ್ತಕದಲ್ಲಿ ಒಬ್ಬ ರೋಗಿಯ ಜೊತೆ ನಡೆದ ಅಷ್ಟೂ ಮಾತುಕತೆ ಅಕ್ಷರಶಃ ಅಚ್ಚಾಯಿತು. ಸಲಹೆಗಾರ ಕೋಣೆಯ ಬಾಗಿಲು ಮುಚ್ಚಿಕೊಂಡು ಏನು ಮಾಡುತ್ತಾನೆ ಎಂಬ ಗುಟ್ಟು ಅಂದು ಬಯಲಾಯಿತೆನ್ನಬಹುದು. ನಮ್ಮ ತರಬೇತಿ ಕೇಂದ್ರಗಳಲ್ಲೂ ಇದೇ ಪದ್ಧತಿ ಬೇರೆ ಬೇರೆ ರೂಪದಲ್ಲಿದೆ. ವಿದ್ಯಾರ್ಥಿ ರೋಗಿಯ ಪೂರ್ವಚರಿತ್ರೆಯನ್ನು ಬರೆದುಕೊಳ್ಳಬೇಕು. ನಡೆದ ಮಾತುಕತೆಯನ್ನು ನೆನಪಿನಿಂದ ಇದ್ದುದಿದ್ದಂತೆ ಬರೆದು ಗುರುವಿಗೆ ತೋರಿಸಬೇಕು. ‘ಇಲ್ಲಿ ರೋಗಿ ಅಳುತ್ತಿದ್ದಾಗ ನೀವು ವಿಷಯ ಬದಲಿಸಿದಿರಿ. ಅಳು ತಡೆಯಲಾಗದೇ ಇದ್ದದ್ದು ಯಾರಿಗೆ, ಅವರಿಗೋ ನಿಮಗೋ?’ ಇಂಥ ಪ್ರಶ್ನೆಗೆ ಎಲ್ಲರೆದುರು ಉತ್ತರ ಕೊಡಬೇಕು. ಪರೀಕ್ಷೆಯಲ್ಲಿ ರ‍್ಯಾಂಕ್ ಬಂದವರಿಗೂ ಇದು ಕಬ್ಬಿಣದ ಕಡಲೆ.

ಇನ್ನು ಭಾಷೆ. ಪಠ್ಯಪುಸ್ತಕಗಳು ಇಂಗ್ಲಿಷಿನಲ್ಲಿವೆ. ರೋಗಿ ಮಾತಾಡುವುದು ಕನ್ನಡದಲ್ಲಿ, ಅದೂ ತನ್ನ ಸೀಮೆಯ ಕನ್ನಡದಲ್ಲಿ. ‘ಖಿನ್ನತೆ’ ಎಂಬ ಶಬ್ದವನ್ನು ಯಾವ ರೋಗಿಯೂ ತಾನಾಗಿ ಬಳಸುವುದಿಲ್ಲ. ತಲೆಬಿಸಿ ಅನ್ನುತ್ತಾನೆ, ಎದೆ ಭಾರ ಅನ್ನುತ್ತಾನೆ, ಕೈಕಾಲಿನ ಶಕ್ತಿಯೇ ಹೋಯಿತು ಅನ್ನುತ್ತಾನೆ. ಮನಸ್ಸಿನ ನೋವು ಮೈಯ ನೋವಾಗಿ ಹೊರಬರುವುದನ್ನು ತಿಳಿಯದ ಸಲಹೆಗಾರ ಅವನನ್ನು ರಕ್ತಪರೀಕ್ಷೆಗೆ ಕಳಿಸಿ ಕೈತೊಳೆದುಕೊಳ್ಳುತ್ತಾನೆ. ಕನ್ನಡದಲ್ಲಿ ಈ ವೃತ್ತಿಗೆ ಎರಡು ಹೆಸರುಗಳಿವೆ: ಆಪ್ತಸಲಹೆ ಮತ್ತು ಆಪ್ತಸಮಾಲೋಚನೆ. ಸಲಹೆ ಎಂದರೆ ಒಬ್ಬ ಕೊಡುವವ, ಇನ್ನೊಬ್ಬ ತೆಗೆದುಕೊಳ್ಳುವವ. ಸಮಾಲೋಚನೆ ಎಂದರೆ ಇಬ್ಬರೂ ಕೂಡಿ ಯೋಚಿಸುವುದು. ತರಬೇತಿಯ ಸಾರವೆಲ್ಲ ಮೊದಲ ಹೆಸರಿನಿಂದ ಎರಡನೆಯ ಹೆಸರಿಗೆ ನಡೆದು ಬರುವುದರಲ್ಲಿದೆ.

ಒಳ್ಳೆಯ ಮನಸ್ಸು ಸಾಲದು

ಮಾತಿನ ವಿದ್ಯೆಯ ಜೊತೆಗೆ ಆಪ್ತಸಲಹೆಗಾರನಿಗೆ ತನ್ನ ಮಿತಿಯ ಅರಿವೂ ಬೇಕು. ಒಂದು ಉದಾಹರಣೆ ಸಾಕು. ವರ್ಷಗಟ್ಟಲೆ ವಿಪರೀತವಾಗಿ ಕುಡಿಯುತ್ತಿದ್ದವನು ಒಮ್ಮೆಗೇ ನಿಲ್ಲಿಸಿದರೆ ಕೈ ನಡುಗುತ್ತದೆ, ಬೆವರುತ್ತದೆ. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡು ಮೂರು ದಿನಗಳಾದ ಮೇಲೆ ಇಲ್ಲದ್ದು ಕಾಣಿಸಿ, ಜ್ಞಾನ ತಪ್ಪಿದವನಂತಾಗಿ, ಪ್ರಾಣಕ್ಕೇ ಅಪಾಯವಾಗಬಹುದು. ಆಗ ಬೇಕಾದದ್ದು ವೈದ್ಯ, ಔಷಧಿ, ಬಿ1 ಜೀವಸತ್ವ. ಇದನ್ನು ತಿಳಿಯದವರು ‘ನಾಲ್ಕು ದಿನ ಕೋಣೆಯಲ್ಲಿ ಕೂಡಿಹಾಕಿ, ತಾನೇ ಸರಿಹೋಗುತ್ತಾನೆ’ ಎಂದು ಮನೆಯವರಿಗೆ ಹೇಳಿದರೆ ಏನಾಗಬಹುದೆಂದು ಯೋಚಿಸಿ. ಅದೇ ರೀತಿ ‘ನಾನಿಲ್ಲದಿದ್ದರೆ ಎಲ್ಲರಿಗೂ ನೆಮ್ಮದಿ’ ಎಂದು ರೋಗಿ ನಗುತ್ತ ಹೇಳಿದಾಗ, ಆತ್ಮಹತ್ಯೆಯ ಯೋಚನೆ ಇದೆಯೇ ಎಂದು ನೇರವಾಗಿ ಕೇಳುವ ಧೈರ್ಯ ಬೇಕು. ಕೇಳಿದರೆ ಆ ಯೋಚನೆಯನ್ನು ತಲೆಗೆ ತುಂಬಿದಂತಾಗುತ್ತದೆ ಎಂಬುದು ತಪ್ಪು ನಂಬಿಕೆ.

ಬಿಟ್ಟವನು ಮತ್ತೆ ಕುಡಿದು ಬರುವುದು ವ್ಯಸನದಲ್ಲಿ ಸಾಮಾನ್ಯ. ಮನೆಯವರಿಗೆ ಅದು ದ್ರೋಹವಾಗಿ ಕಾಣುತ್ತದೆ. 1985ರಲ್ಲಿ ಅಲನ್ ಮಾರ್ಲಟ್ ಮತ್ತು ಜೂಡಿತ್ ಗಾರ್ಡನ್ ಈ ಮರುಕಳಿಕೆಯ ಬಗ್ಗೆ ತಂದ ಗ್ರಂಥ ಒಂದು ದಿನದ ಎಡವುವಿಕೆಯನ್ನೂ ಪೂರ್ತಿ ಬೀಳುವುದನ್ನೂ ಬೇರೆ ಬೇರೆಯಾಗಿ ನೋಡಲು ಕಲಿಸಿತು. ‘ಒಂದು ಲೋಟ ಕುಡಿದೆ, ಇನ್ನು ಎಲ್ಲ ಮುಗಿಯಿತು’ ಎಂಬ ಹತಾಶೆಯೇ ಎರಡನೆಯ ಲೋಟಕ್ಕೆ ದಾರಿ. ಮೂರನೆಯ ಸಲ ಎಡವಿ ಬಂದವನ ಎದುರು ಮುಖ ಗಂಟಿಕ್ಕದೆ, ‘ಎಲ್ಲಿ ಎಡವಿದಿರಿ, ಅಂದು ಏನಾಯಿತು?’ ಎಂದು ಕೇಳಬಲ್ಲ ಸಂಯಮ ಹುಟ್ಟಿನಿಂದ ಬರುವುದು ಅಪರೂಪ.

ಹಾಗಾದರೆ ಸ್ನಾತಕೋತ್ತರ ಪದವಿ ಇಲ್ಲದವರು ಈ ಕೆಲಸಕ್ಕೆ ಬಾರದವರೇ? ಹಾಗೆನ್ನುವಂತಿಲ್ಲ. ಗೋವಾದಲ್ಲಿ ಡಾ. ವಿಕ್ರಂ ಪಟೇಲ್ ಮತ್ತು ಸಂಗಡಿಗರು ಸ್ಥಳೀಯ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಒಂದು ಅಧ್ಯಯನ ನಡೆಸಿದರು. ಮಾನಸಿಕ ಆರೋಗ್ಯದ ಯಾವ ವೃತ್ತಿ ಶಿಕ್ಷಣವೂ ಇಲ್ಲದ ಸ್ಥಳೀಯರು ತರಬೇತಿ ಪಡೆದು, ಅಪಾಯದ ಮಟ್ಟಕ್ಕೆ ಕುಡಿಯುತ್ತಿದ್ದ ಗಂಡಸರೊಡನೆ ಹೆಚ್ಚೆಂದರೆ ನಾಲ್ಕು ಸಲ ಕುಳಿತು ಮಾತನಾಡಿದರು. 2017ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಅಚ್ಚಾದ ವರದಿಯಂತೆ ಮೂರು ತಿಂಗಳ ನಂತರ ಅವರಲ್ಲಿ ಶೇ. 36ರಷ್ಟು ಮಂದಿ ಸುಧಾರಿಸಿದ್ದರು. ಮಾಮೂಲಿ ಆರೈಕೆ ಮಾತ್ರ ಪಡೆದವರಲ್ಲಿ ಈ ಪ್ರಮಾಣ ಶೇ. 26. ಪದವಿಯ ಬಗ್ಗೆ ಅಭಿಮಾನವಿರುವವರು ಈ ಫಲಿತಾಂಶದಿಂದ ಮುಜುಗರಪಡಬೇಕಾಗಿಲ್ಲ. ಆ ಸ್ಥಳೀಯರ ಮಾತುಕತೆಗಳನ್ನು ಧ್ವನಿಮುದ್ರಿಸಿ, ಗುಂಪಾಗಿ ಕುಳಿತು ಕೇಳಿ, ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಅಂಕ ಕೊಡುತ್ತಿದ್ದರು. ಮದ್ಯಕ್ಕೆ ಪೂರ್ತಿ ದಾಸರಾದವರು ಈ ಅಧ್ಯಯನದಲ್ಲಿರಲಿಲ್ಲ ಎಂಬುದನ್ನೂ ಮರೆಯುವಂತಿಲ್ಲ. ಪದವಿ ಇರಲಿ ಇಲ್ಲದಿರಲಿ, ತನ್ನ ಕೆಲಸವನ್ನು ಇನ್ನೊಬ್ಬರ ಕಣ್ಣಿಗೆ ಕಿವಿಗೆ ಒಡ್ಡಿದವನು ಮಾತ್ರ ಈ ವಿದ್ಯೆಯಲ್ಲಿ ಬೆಳೆಯುತ್ತಾನೆ ಎಂಬುದು ಗೋವಾದ ಪಾಠ.

ಬೋರ್ಡು ಯಾರು ಬೇಕಾದರೂ ಬರೆಸಬಹುದೇ?

ಈ ಮಾತು ಈಗ ಅಗತ್ಯವಾಗಿರುವುದು ಏಕೆಂದರೆ ಬೇಡಿಕೆ ಮತ್ತು ಪೂರೈಕೆಯ ನಡುವೆ ದೊಡ್ಡ ಕಂದಕವಿದೆ. ನಿಮ್ಹಾನ್ಸ್ ನೇತೃತ್ವದಲ್ಲಿ 2015–16ರಲ್ಲಿ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಂತೆ ಮದ್ಯದ ತೊಂದರೆಯಿದ್ದವರಲ್ಲಿ ಶೇ. 86ರಷ್ಟು ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ದೆಹಲಿಯ ಏಮ್ಸ್ 2019ರಲ್ಲಿ ಸಲ್ಲಿಸಿದ ರಾಷ್ಟ್ರವ್ಯಾಪಿ ವರದಿ ಮದ್ಯದ ತೊಂದರೆಗೆ ನೆರವು ಬೇಕಾದವರ ಸಂಖ್ಯೆ 5.7 ಕೋಟಿ ಎಂದು ಅಂದಾಜು ಮಾಡಿತು. ಮದ್ಯಕ್ಕೆ ದಾಸರಾದ 38 ಮಂದಿಯಲ್ಲಿ ಒಬ್ಬರು ಮಾತ್ರ ಯಾವುದಾದರೊಂದು ಚಿಕಿತ್ಸೆ ಪಡೆದಿದ್ದರು. ಕರ್ನಾಟಕದಲ್ಲಿ 2007ರ ಜುಲೈಯಲ್ಲಿ ಸಾರಾಯಿ ನಿಷೇಧವಾಯಿತು. ಆದರೆ ಒಂದು ಬಗೆಯ ಮದ್ಯದ ಅಂಗಡಿ ಮುಚ್ಚಿದ ಮಾತ್ರಕ್ಕೆ ಆಪ್ತಸಲಹೆಗಾರನ ಬಾಗಿಲಿನ ಸಾಲು ಕರಗುವುದಿಲ್ಲ.

ಇಂಥ ಕಂದಕವಿರುವಲ್ಲಿ ಯಾರು ಬೇಕಾದರೂ ಸೇತುವೆಯ ಗುತ್ತಿಗೆದಾರರಾಗುತ್ತಾರೆ. ವಾರಾಂತ್ಯದ ಕೋರ್ಸಿನ ಪ್ರಮಾಣಪತ್ರ ಗೋಡೆಗೆ ತೂಗುಹಾಕಿ ‘ಆಪ್ತಸಲಹಾ ಕೇಂದ್ರ’ ಎಂದು ಬೋರ್ಡು ಬರೆಸುವವರಿದ್ದಾರೆ. ಹೊಡೆದು ಬಡಿದು ಚಟ ಬಿಡಿಸುತ್ತೇವೆನ್ನುವ ಕೇಂದ್ರಗಳೂ ಅಲ್ಲಲ್ಲಿ ತಲೆಯೆತ್ತುತ್ತವೆ. ಚಿನ್ನ ಮಾರಿ, ಸಾಲ ಮಾಡಿ ಹಣ ತಂದ ಮನೆಯವರಿಗೆ ಯಾರು ಕಲಿತವರು, ಯಾರು ಕಲಿಯದವರು ಎಂದು ತಿಳಿಯುವುದು ಹೇಗೆ?

ಕಾನೂನು ಕೆಲವು ಹೆಜ್ಜೆ ಮುಂದೆ ಬಂದಿದೆ. 2018ರ ಮೇ ತಿಂಗಳಲ್ಲಿ ಜಾರಿಗೆ ಬಂದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, ಮದ್ಯ ಮತ್ತು ಮಾದಕ ವಸ್ತುಗಳಿಂದ ಉಂಟಾಗುವ ಮಾನಸಿಕ ಸ್ಥಿತಿಗಳನ್ನೂ ಮನೋರೋಗದ ವ್ಯಾಖ್ಯೆಗೆ ಸೇರಿಸಿತು. ಚಿಕಿತ್ಸಾ ಸಂಸ್ಥೆಗಳು ನೋಂದಣಿಯಾಗಬೇಕು, ರೋಗಿಯನ್ನು ಸರಪಳಿಯಿಂದ ಕಟ್ಟುವಂತಿಲ್ಲ ಎಂದು ವಿಧಿಸಿತು. ಚಿಕಿತ್ಸಾ ಮನಶ್ಶಾಸ್ತ್ರಜ್ಞ ಮತ್ತು ಮನೋವೈದ್ಯಕೀಯ ಸಮಾಜಕಾರ್ಯಕರ್ತ ಯಾರೆಂದು ಹೇಳುವಾಗ, ಮೇಲ್ವಿಚಾರಣೆಯಲ್ಲಿ ಪಡೆದ ಎರಡು ವರ್ಷಗಳ ಪೂರ್ಣಾವಧಿ ತರಬೇತಿಯನ್ನು ಅದು ಒತ್ತಿ ಹೇಳುತ್ತದೆ. 2021ರಲ್ಲಿ ಬಂದ ಇನ್ನೊಂದು ಕಾಯ್ದೆ ಸಹಾಯಕ ಆರೋಗ್ಯ ವೃತ್ತಿಗಳ ಪಟ್ಟಿಯಲ್ಲಿ ಆಪ್ತಸಲಹೆಗಾರರಿಗೂ ಸ್ಥಾನ ಕೊಟ್ಟಿತು. ಕಾಗದದ ಮೇಲಿನ ಈ ಪಟ್ಟಿ ಬೀದಿಯ ಬೋರ್ಡಿನವರೆಗೆ ತಲುಪಬೇಕಾಗಿದೆ.

ಇದರ ನಡುವೆ ವಿಶ್ವವಿದ್ಯಾನಿಲಯ ಅನುದಾನ ಆಯೋಗದ 2022ರ ನಿಯಮಗಳು ಎಂ.ಫಿಲ್. ಪದವಿಗೇ ತೆರೆ ಎಳೆದವು. ಈ ಎರಡು ವಿಷಯಗಳಿಗೆ ಮಾತ್ರ 2025–26ರ ಪ್ರವೇಶದವರೆಗೆ ವಿನಾಯಿತಿ ಸಿಕ್ಕಿತು. ಪದವಿಯ ಹೆಸರು ಏನೇ ಆದರೂ ಚಿಂತೆಯಿಲ್ಲ. ಆದರೆ ಅದರ ಒಳಗಿನ ತಿರುಳು, ಅಂದರೆ ವಾರ್ಡಿನ ಆ ಎರಡು ವರ್ಷ ಮತ್ತು ಪ್ರಶ್ನೆ ಕೇಳುವ ಆ ಗುರು, ಹೆಸರಿನ ಜೊತೆಯಲ್ಲೇ ಕಾಣೆಯಾಗಬಾರದು.

ವಿದ್ಯಾರ್ಥಿ ಮಿತ್ರರೇ, ಈ ವೃತ್ತಿಯಲ್ಲಿ ಕೆಲಸಕ್ಕೆ ಕೊರತೆಯಿಲ್ಲ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ರೂಪುಗೊಂಡದ್ದೇ 1985ರಿಂದ 1990ರವರೆಗೆ ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ ನಡೆದ ಪ್ರಯೋಗದ ಮಾದರಿಯಲ್ಲಿ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ-ಮಾನಸ್ ದೂರವಾಣಿ ಸೇವೆಯ 14416 ಸಂಖ್ಯೆಗೆ ಕರೆ ಮಾಡಿದವರ ಮಾತನ್ನು ಕೇಳಲೂ ಕಲಿತವರೇ ಬೇಕು. ವ್ಯಸನಮುಕ್ತಿ ಕೇಂದ್ರಗಳು, ಕಾರಾಗೃಹಗಳು, ಕಾಲೇಜುಗಳು ಎಲ್ಲೆಡೆ ಜಾಗವಿದೆ. ಸಂಬಳ ಹಲವು ಕಡೆ ಕಡಿಮೆ ಎಂಬುದನ್ನು ಮುಚ್ಚಿಡುವುದು ಸರಿಯಲ್ಲ. ದಿನವಿಡೀ ಇನ್ನೊಬ್ಬರ ನೋವು ಕೇಳಿ ದಣಿಯುವ ಮನಸ್ಸಿಗೂ ಆಸರೆ ಬೇಕು. ಅದನ್ನು ಕೊಡುವುದೂ ಮೇಲ್ವಿಚಾರಣೆಯ ಕೆಲಸವೇ.

ಆದ್ದರಿಂದ ಕೋರ್ಸಿಗೆ ಸೇರುವ ಮೊದಲು ಕಟ್ಟಡ ಎಷ್ಟು ದೊಡ್ಡದು, ಶುಲ್ಕ ಎಷ್ಟು ಎಂದಷ್ಟೇ ವಿಚಾರಿಸಬೇಡಿ. ಮೂರು ಪ್ರಶ್ನೆಗಳನ್ನು ಕೇಳಿ. ಇಲ್ಲಿ ರೋಗಿಗಳೊಡನೆ ಎಷ್ಟು ಗಂಟೆ ಕೂರಿಸುತ್ತೀರಿ? ಆ ಕೆಲಸವನ್ನು ಯಾರು, ವಾರಕ್ಕೆ ಎಷ್ಟು ಸಲ ನೋಡುತ್ತಾರೆ? ನೋಡುವವರು ಇಂದಿಗೂ ರೋಗಿಗಳನ್ನು ಕಾಣುತ್ತಿದ್ದಾರೆಯೇ? ಈ ಮೂರಕ್ಕೂ ನೇರ ಉತ್ತರ ಕೊಡುವ ಸಂಸ್ಥೆ ಸಣ್ಣ ಊರಿನದಾದರೂ ಒಳ್ಳೆಯದು. ಉತ್ತರ ಕೊಡದ ಸಂಸ್ಥೆ ಎಷ್ಟೇ ಹೆಸರಾಂತದ್ದಾದರೂ ಅಲ್ಲಿ ಸಿಗುವುದು ಪ್ರಮಾಣಪತ್ರ ಮಾತ್ರ.

ಸಂಗೀತ ಕಲಿಯುವವನು ಗುರುವಿನ ಎದುರು ತಪ್ಪು ಹಾಡಿ ತಿದ್ದಿಸಿಕೊಳ್ಳುತ್ತಾನೆ. ಅಲ್ಲಿ ತಪ್ಪಿದರೆ ಕೆಡುವುದು ಒಂದು ರಾಗ. ಆಪ್ತಸಲಹೆಗಾರ ತಪ್ಪಿದರೆ ಕೆಡುವುದು ಒಂದು ಮನೆ. ತಪ್ಪನ್ನು ಗುರುವಿನೆದುರು ಮಾಡಿ ಮುಗಿಸಿ, ರೋಗಿಯೆದುರು ಕಡಿಮೆ ಮಾಡುವುದಕ್ಕಾಗಿ ಆ ಎರಡು ವರ್ಷ.